11 ವರ್ಷದ ಮಗಳಿಗೆ ಎಷ್ಟು ತೂಕದ ಸಾಫ್ಟ್‌ಬಾಲ್ ಬ್ಯಾಟ್ ಕೊಡಿಸಬೇಕು?

ಬೇಡ ರೀ, ಆ 33 ಇಂಚಿನ ಬ್ಯಾಟ್ ತಗೋಬೇಡಿ. ಗದಗಿನ ಅಂಗಡಿಯವರು "ಬೆಳೆಯೋ ಹುಡುಗಿ, ಇನ್ನೂ ಎರಡು ವರ್ಷ ಬರ್ತೈತಿ" ಅಂದರು ಅಂತ ಬರೆದಿದ್ದೀರಿ. ಯೂನಿಫಾರ್ಮ್‌ಗೆ ಆ ಲೆಕ್ಕ ಸರಿ, ಮಡಿಚಿ ಹೊಲಿಸಬಹುದು. ಬ್ಯಾಟಿಗೆ ಆಗುವುದಿಲ್ಲ.

ನಾನು ಧಾರವಾಡದಲ್ಲಿ ಶಾಲೆಯಿಂದ ಕಾಲೇಜಿನವರೆಗೆ ಆಡಿದವಳು. ಈಗ ಸಂಜೆ ಹೊತ್ತು ಹುಡುಗಿಯರಿಗೆ ಹೇಳಿಕೊಡುತ್ತೇನೆ. ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಬ್ಯಾಟ್, ಅದೂ ದೊಡ್ಡವರದ್ದು. ಏಳನೇ ಕ್ಲಾಸಿನಲ್ಲಿ ಇಡೀ ವರ್ಷ ನನ್ನ ಹೊಡೆತವೆಲ್ಲ ಬಲಗಡೆ ಗೆರೆಯ ಆಚೆ ಹೋಗಿ ಫೌಲ್. ಚೆಂಡು ನೋಡಿ ಆಡು ಅಂತ ಬೈಸಿಕೊಂಡೆ. ಚೆಂಡು ಕಾಣುತ್ತಲೇ ಇತ್ತು, ಬ್ಯಾಟ್ ತಡವಾಗಿ ಬರುತ್ತಿತ್ತು. ಪಿಚರ್ ಕೈಯಿಂದ ಚೆಂಡು ಬಿಟ್ಟ ಮೇಲೆ ಸಿಗುವುದೇ ಅರ್ಧ ಸೆಕೆಂಡಿನ ಆಸುಪಾಸು, ಅಷ್ಟರಲ್ಲಿ ಭಾರ ಎಳೆದು ತರಬೇಕಲ್ವಾ?

ಸಾಫ್ಟ್‌ಬಾಲ್ ಬ್ಯಾಟಿನ ಉದ್ದ ಇಂಚಿನಲ್ಲಿ, ತೂಕ ಔನ್ಸಿನಲ್ಲಿ ಇರುತ್ತದೆ. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. ಉದ್ದದ ಅಂಕಿಯಿಂದ ತೂಕದ ಅಂಕಿ ಕಳೆದರೆ ಬರುವುದಕ್ಕೆ 'ಡ್ರಾಪ್' ಅನ್ನುತ್ತಾರೆ. 29 ಇಂಚು, 18 ಔನ್ಸ್ ಆದರೆ ಬ್ಯಾಟಿನ ಮೇಲೆ ಮೈನಸ್ 11 ಅಂತ ಇರುತ್ತದೆ. ಈ ಅಂಕಿ ದೊಡ್ಡದಾದಷ್ಟೂ ಉದ್ದಕ್ಕೆ ತಕ್ಕ ಹಾಗೆ ಬ್ಯಾಟ್ ಹಗುರ. ನಿಮ್ಮ ಮಗಳ ವಯಸ್ಸಿಗೆ 29 ಅಥವಾ 30 ಇಂಚು, ಮೈನಸ್ 10ರಿಂದ 12 ನೋಡಿ. ಅಂದರೆ 480ರಿಂದ 570 ಗ್ರಾಂ. ಕ್ರಿಕೆಟ್ ಬ್ಯಾಟ್ ಹಿಡಿದು ಬೆಳೆದ ಅಪ್ಪಂದಿರಿಗೆ ಇದು ಆಟಿಗೆ ಸಾಮಾನಿನ ಹಾಗೆ ಅನ್ನಿಸುತ್ತದೆ, ಹೆದರಬೇಡಿ. ಹಾಗಂತ ತೀರಾ ಹಗುರದ್ದೂ ಬೇಡ, ಚೆಂಡೇ ಬ್ಯಾಟನ್ನು ಹಿಂದಕ್ಕೆ ತಳ್ಳುತ್ತದೆ.

ಕಡಿಮೆ ಬೆಲೆಯ ಬ್ಯಾಟ್‌ಗಳ ಮೇಲೆ ಎಷ್ಟೋ ಸಲ ತೂಕವೇ ಬರೆದಿರುವುದಿಲ್ಲ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ನೋಡಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಆದರೆ ಕೊನೆಗೆ ಹೇಳಬೇಕಾದದ್ದು ಮಗಳ ಕೈ. ಅವಳನ್ನೇ ಅಂಗಡಿಗೆ ಕರ್ಕೊಂಡು ಹೋಗಿ. ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು, ತೋಳನ್ನು ಪಕ್ಕಕ್ಕೆ ನೇರ ಚಾಚಿ ನಿಲ್ಲಲಿ. ನೀವು 20ರವರೆಗೆ ಎಣಿಸಿ. ಅಷ್ಟರೊಳಗೆ ಬ್ಯಾಟಿನ ತುದಿ ನಡುಗಿದರೆ ಅಥವಾ ಕೆಳಗೆ ಬಾಗಿದರೆ ಅದು ಜಾಸ್ತಿ ಭಾರ. ಹೋದ ವರ್ಷ ಒಬ್ಬ ಹುಡುಗಿ ಹಲ್ಲು ಕಚ್ಚಿ 20 ಮುಗಿಸಿದಳು. ಆದರೆ ಮೊಣಕೈ ಮೈಗೆ ಅಂಟಿಕೊಂಡಿತ್ತು, ಮಣಿಕಟ್ಟು ಬಾಗಿತ್ತು. ಕೇಳಿದರೆ ಮೆಲ್ಲಗೆ "ಭಾಳ ವಜ್ಜ ಐತ್ರಿ ಅಕ್ಕಾರ" ಅಂದಳು. ಮಕ್ಕಳು ತಾವಾಗಿ ಹೇಳುವುದಿಲ್ಲ, ಹೊಸ ಬ್ಯಾಟ್ ಕೈತಪ್ಪುತ್ತದೆ ಅಂತ ಸುಮ್ನೆ ಇರುತ್ತಾರೆ. ನೀವೇ ಮೊಣಕೈ ನೋಡಬೇಕು.

ಇನ್ನೊಂದು, ಒಂದೇ ತೂಕದ ಎರಡು ಬ್ಯಾಟ್ ಬೇರೆ ಬೇರೆ ಅನ್ನಿಸಬಹುದು. ತುದಿಯಲ್ಲಿ ಭಾರ ಇರುವುದನ್ನು ತಿರುಗಿಸುವುದು ಕಷ್ಟ. ಎರಡನ್ನೂ ಹತ್ತು ಹತ್ತು ಸಲ ಬೀಸಿಸಿ, ಹತ್ತನೆಯದೂ ಮೊದಲನೆಯದರ ಹಾಗೇ ಬರುವುದನ್ನು ತಗೊಳ್ಳಿ.

ಹೊಸದು ಬರುವವರೆಗೆ ಶಾಲೆಯ ಭಾರದ ಬ್ಯಾಟಿನಲ್ಲೇ ಆಡಬೇಕಾದರೆ, ಹಿಡಿಕೆಯ ಕೆಳತುದಿಯಿಂದ ಎರಡು ಬೆರಳು ಮೇಲೆ ಹಿಡಿಯಲು ಹೇಳಿ. ಅಷ್ಟಕ್ಕೇ ಬ್ಯಾಟ್ ಬೇಗ ತಿರುಗುತ್ತದೆ.