ಮಗಳ ಟೀ ಶರ್ಟ್ ಮೇಲಿನ ಮಾತು

ಪ್ರಶ್ನೆ: ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ‘ಬಂದೂಕು ಬೇಡ, ಪುಸ್ತಕ ಬೇಕು’ ಅಂತ ಇಂಗ್ಲಿಷಿನಲ್ಲಿ ತಾನೇ ಬರೆದ ಟೀ ಶರ್ಟ್ ಹಾಕ್ಕೊಂಡು ಹೋಗಿದ್ದಳು. ಆಫೀಸಿಗೆ ಕರೆಸಿ, ಮೇಲೊಂದು ಜಾಕೆಟ್ ಹಾಕಿಸಿದರಂತೆ. ಸಂಜೆ ಬಂದು ತುಂಬಾ ಅತ್ತಳು. ಯಜಮಾನರು ‘ಹೊರಗಿಂದ ಬಂದವರು ನಾವು, ಸುಮ್ನಿರು’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಟೆಕ್ಸಾಸ್

ಉತ್ತರ: ಸುಮ್ನಿರಬೇಡಿ ಅಮ್ಮಾ. ಆದರೆ ಜಗಳಕ್ಕೆ ಹೋಗುವ ಮುಂಚೆ ಶಾಲೆಯ ನಿಯಮದ ಪುಸ್ತಕ ತೆಗೆದು ಓದಿ.

ಇದೇ ಥರ 1965ರ ಡಿಸೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ಡಿ ಮಾಯ್ನ್ ಊರಲ್ಲಿ ನಡೆದಿತ್ತು. ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಎರಡೇ ಇಂಚು ಅಗಲದ ಬಟ್ಟೆ. ಕೂಗಲಿಲ್ಲ, ಪಾಠ ನಿಲ್ಲಿಸಲಿಲ್ಲ, ಆದರೂ ಮನೆಗೆ ಕಳಿಸಿದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ, ನಿಮ್ಮ ಮಗಳದೇ ವಯಸ್ಸು ಅಲ್ವಾ? ಕೆಳಗಿನ ಕೋರ್ಟಿನಲ್ಲಿ ಸೋತರೂ 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ ಮಕ್ಕಳ ಪರ ನಿಂತಿತು. ಶಾಲೆಯ ಗೇಟು ದಾಟಿದ ಮಾತ್ರಕ್ಕೆ ವಿದ್ಯಾರ್ಥಿಯ ಮಾತಿನ ಹಕ್ಕು ಹೋಗುವುದಿಲ್ಲ, ಪಾಠಕ್ಕೆ ನಿಜವಾಗಿ ದೊಡ್ಡ ಅಡ್ಡಿಯಾಗುತ್ತೆ ಅಂತ ನಂಬಲು ಕಾರಣ ಇದ್ದರೆ, ಇಲ್ಲವೇ ಬೇರೆಯವರ ಹಕ್ಕಿಗೆ ತೊಂದರೆಯಾದರೆ ಮಾತ್ರ ತಡೆಯಬಹುದು ಅಂದಿತು. ಯಾರಿಗೋ ಇಷ್ಟವಾಗಲಿಲ್ಲ ಅನ್ನೋದು ಸಾಲದು.

ಇನ್ನೊಂದು ಮುಖವೂ ಇದೆ, ಅದೂ ನಿಮ್ಮ ರಾಜ್ಯದ್ದೇ. ಡಲ್ಲಾಸ್ ಹತ್ತಿರದ ವಾಕ್ಸಹಾಚಿಯಲ್ಲಿ ಒಬ್ಬ ಹುಡುಗ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಯ ಹೆಸರಿದ್ದ ಶರ್ಟ್ ಹಾಕೋಕೆ ಹೋಗಿ ತಡೆಸಿಕೊಂಡ. 2009ರಲ್ಲಿ ಮೇಲ್ಮನವಿ ಕೋರ್ಟ್ ಶಾಲೆಯ ಪರವೇ ಹೇಳಿತು. ಯಾಕೆಂದರೆ ಅಲ್ಲಿ ಚಿಕ್ಕ ಲೋಗೋ, ಶಾಲೆಯದೇ ಬರಹ ಇಂಥವು ಬಿಟ್ಟು ಬೇರೆ ಯಾವ ಬರಹದ ಶರ್ಟೂ ಹಾಕುವಂತಿರಲಿಲ್ಲ. ಎಲ್ಲರಿಗೂ ಒಂದೇ ನಿಯಮ, ಮಾತು ಯಾವುದೇ ಇರಲಿ. ಸಮವಸ್ತ್ರ ಇಡುವುದಕ್ಕೂ ಅಲ್ಲಿ ಅಡ್ಡಿಯಿಲ್ಲ.

ಹಾಗಾಗಿ ನೀವು ನೋಡಬೇಕಾದ್ದು ಇಷ್ಟೇ: ಆ ಶಾಲೆಯಲ್ಲಿ ಬರಹದ ಶರ್ಟೇ ಬೇಡವಾ, ಅಥವಾ ಫುಟ್‌ಬಾಲ್ ತಂಡದ್ದು, ಬೇಟೆ ಚಿತ್ರದ್ದು ಎಲ್ಲ ಓಡಾಡುತ್ತಿದ್ದು ನಿಮ್ಮ ಮಗಳದ್ದಕ್ಕೆ ಮಾತ್ರ ಜಾಕೆಟ್ ಬಿತ್ತಾ? ಎರಡನೆಯದಾದರೆ ಅದು ತಪ್ಪು, ನನಗಂತೂ ಕೇಳಿಯೇ ಸಿಟ್ಟು ಬಂತು.

ಪ್ರಿನ್ಸಿಪಾಲರಿಗೆ ಇಮೇಲ್ ಬರೆಯಿರಿ. ಯಾವ ನಿಯಮದ ಪ್ರಕಾರ ತಡೆದರು, ಯಾವ ಅಡ್ಡಿಯಾಯಿತು ಅಂತ ಬರಹದಲ್ಲಿ ಕೇಳಿ. ಅಲ್ಲಿನ ಅಪ್ಪ ಅಮ್ಮಂದಿರು ದಿನಾ ಇಂಥದ್ದು ಕೇಳುತ್ತಾರೆ, ಯಜಮಾನರಿಗೆ ಇದನ್ನು ಹೇಳಿ. ನಾವು ಶನಿವಾರ ಬಿಳಿ ಶೂಗೆ ಚಾಕ್‌ಪೀಸ್ ಉಜ್ಜಿಕೊಂಡು ಸಾಲಲ್ಲಿ ನಿಂತು ಬೆಳೆದವರು, ಮೇಷ್ಟ್ರನ್ನು ‘ಯಾಕೆ’ ಅಂತ ಕೇಳೋದು ನಮಗೆ ಕಷ್ಟವೇ. ನಿಮ್ಮ ಮಗಳಿಗೆ ಅಷ್ಟು ಕಷ್ಟ ಇರಲಾರದು. ಭೇಟಿಗೆ ಕರೆದರೆ ಅವಳನ್ನೂ ಕರ್ಕೊಂಡು ಹೋಗಿ, ಆ ಶರ್ಟ್ ಯಾಕೆ ಬರೆದೆ ಅಂತ ಅವಳೇ ಹೇಳಲಿ.