ಇಸ್ತಾಂಬುಲ್: 10 ಗಂಟೆಯ ಬಿಡುವಿನಲ್ಲಿ ಹಳೇ ಕೇರಿ ನೋಡಬಹುದೇ?

ಎರಡು ವಿಮಾನಗಳ ನಡುವೆ ಇಸ್ತಾಂಬುಲ್‌ನಲ್ಲಿ 10 ಗಂಟೆ ಇದೆ, ಊರೆಲ್ಲ ನೋಡಿ ಬರಬಹುದು ಅಂದುಕೊಂಡಿದ್ದರೆ ಲೆಕ್ಕ ತಪ್ಪುವುದು ಇಲ್ಲಿ: ಅದರಲ್ಲಿ ಊರಿಗೆ ಸಿಗುವುದು ಸುಮಾರು ಮೂರೂವರೆ ಗಂಟೆ ಮಾತ್ರ. ಇಮಿಗ್ರೇಷನ್‌ಗೆ ಒಂದು, ಹೋಗಿ ಬರಲು ಎರಡೂವರೆ, ವಾಪಸ್ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮುಂಚೆ. ಹಾಗಾಗಿ ಐತಿಹಾಸಿಕ ಕಟ್ಟಡಗಳಿರುವ ಸುಲ್ತಾನಹ್ಮೆತ್, ಬಾಸ್ಫರಸ್ ಜಲಸಂಧಿಯಲ್ಲಿ ದೋಣಿ ವಿಹಾರ, ಬಾಲಾತ್ ಈ ಮೂರನ್ನೂ ಒಟ್ಟಿಗೆ ಮುಗಿಸಲಾಗುವುದಿಲ್ಲ. ಆರಾಮಾಗಿ ಅಡ್ಡಾಡಬೇಕೆಂದರೆ ಫೆನರ್‌-ಬಾಲಾತ್ ಎಂಬ ಅಕ್ಕಪಕ್ಕದ ಹಳೇ ಕೇರಿಗಳಷ್ಟೇ ಸಾಕು.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟ್‌ಗೆ ಹೊರಗೆ ಹೋಗಲು ವೀಸಾ ಬೇಕೇ ಬೇಕು. ಚಾಲ್ತಿಯಲ್ಲಿರುವ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಇದ್ದರೆ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಹೊರಡುವ ಮುಂಚೆಯೇ ಮಾಡಿಕೊಳ್ಳಿ.

ನಿಲ್ದಾಣದಲ್ಲಿ ಇಸ್ತಾಂಬುಲ್‌ಕಾರ್ಟ್ (ಮೆಟ್ರೊ, ಟ್ರಾಮ್‌ಗಳಿಗೆ ಬಳಸುವ ಪ್ರಯಾಣ ಕಾರ್ಡ್) ತಗೊಂಡು ಎಂ11 ಮೆಟ್ರೊದಲ್ಲಿ ಗಾಯ್ರೆತ್ತೆಪೆ, ಅಲ್ಲಿಂದ ಎಂ2ರಲ್ಲಿ ಹಾಲಿಚ್. ಗಾಯ್ರೆತ್ತೆಪೆಯಲ್ಲಿ ಗಾಡಿ ಬದಲಿಸಲು ಸುರಂಗದಲ್ಲಿ ಸಾಕಷ್ಟು ನಡೆಯಬೇಕು, ದೊಡ್ಡ ಬ್ಯಾಗ್ ಬೇಡ. ಹಾಲಿಚ್ ಸ್ಟೇಷನ್ ಗೋಲ್ಡನ್ ಹಾರ್ನ್ ಕೊಲ್ಲಿಯ ಸೇತುವೆ ಮೇಲೇ ಇದೆ. ಹಳೇ ಊರಿನ ದಡಕ್ಕೆ ಇಳಿದು ಟಿ5 ಟ್ರಾಮ್ ಹತ್ತಿ, ಫೆನರ್‌ನಲ್ಲಿ ಇಳಿಯಿರಿ. ನಡೆದುಕೊಂಡೇ ಬಾಲಾತ್‌ಗೆ ಹೋಗಿ, ಅಲ್ಲಿಂದ ಟ್ರಾಮ್‌ನಲ್ಲಿ ವಾಪಸ್.

ದಾರಿಯಲ್ಲಿ ಸಂತ ಸ್ಟೀಫನ್ ಚರ್ಚ್ ಬಿಡಬೇಡಿ. 1898ರದ್ದು, ಪೂರ್ತಿ ಕಬ್ಬಿಣ. ವಿಯೆನ್ನಾದಲ್ಲಿ ಎರಕ ಹೊಯ್ದ ಬಿಡಿಭಾಗಗಳನ್ನು ಹಡಗಿನಲ್ಲಿ ತಂದು ಜೋಡಿಸಿದ್ದು. ದೂರದಿಂದ ಕೆತ್ತಿದ ಕಲ್ಲಿನಂತೆಯೇ ಕಾಣುತ್ತದೆ, ಹತ್ತಿರ ಹೋದರೆ ತಗಡಿನ ಜೋಡಣೆಗಳು ಗೊತ್ತಾಗುತ್ತವೆ.

ಕೇರಿಯ ಗುಡ್ಡದ ಮೇಲಿನ ಬೀದಿಗಳು ಕಡಿದಾದ ಕಲ್ಲುಹಾಸು, ಮಳೆ ಬಂದರೆ ಜಾರುತ್ತವೆ. ಹಿಡಿತವಿರುವ ಶೂ ಹಾಕಿ. ಸಂಜೆ ವಾಪಸಾಗುವುದಾದರೆ ರಸ್ತೆಯನ್ನು ನಂಬಬೇಡಿ, ಟ್ರಾಫಿಕ್ ಕೈಕೊಡುತ್ತದೆ, ಮೆಟ್ರೊದಲ್ಲೇ ಬನ್ನಿ.