ಕೀಟನ್‌ರನ್ನು ಕೆಡವಿದ್ದು ಧ್ವನಿಯಲ್ಲ

ಟಾಕಿ, ಅಂದರೆ ಮಾತಿನ ಚಿತ್ರ, ಬಂದ ಮೇಲೆ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಮೂಲೆಗುಂಪಾದದ್ದು ಧ್ವನಿ ಸರಿಯಿಲ್ಲದ ಕಾರಣಕ್ಕೇ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅಲ್ಲ. ಧ್ವನಿ ಸ್ವಲ್ಪ ಒರಟು, ನಿಜ. ಆದರೆ ಬಾಲ್ಯದಿಂದಲೇ ತಂದೆತಾಯಿಯರ ಜೊತೆ ವಾಡೆವಿಲ್ (ಹಾಡು, ಹಾಸ್ಯ, ಕಸರತ್ತುಗಳ ವಿನೋದ ಪ್ರದರ್ಶನ) ರಂಗದ ಮೇಲೆ ಬೆಳೆದವರಿಗೆ ಮಾತಿನ ಭಯ ಎಲ್ಲಿಯದು? ಅವರ ಮೊದಲ ಟಾಕಿಗಳು ಹಣವನ್ನೂ ಗಳಿಸಿದವು.

ಪೆಟ್ಟು ಬಿದ್ದದ್ದು 1928ರಲ್ಲಿ, ಸ್ವಂತ ಚಿತ್ರ ನಿರ್ಮಾಣ ಘಟಕವನ್ನು ಬಿಟ್ಟು ಹಾಲಿವುಡ್‌ನ ದೊಡ್ಡ ಸ್ಟುಡಿಯೋ ಎಂಜಿಎಂ ಸೇರಿದಾಗ. ಸೇರುವುದು ಬೇಡ ಎಂದು ಚಾರ್ಲಿ ಚಾಪ್ಲಿನ್ ಹೇಳಿದ್ದರು. ಅಲ್ಲಿಯವರೆಗೆ ಕೀಟನ್ ಕೆಲಸದ ರೀತಿಯೇ ಬೇರೆ: ಕಥೆಯ ಆದಿ, ಅಂತ್ಯ ಗೊತ್ತಿದ್ದರೆ ಸಾಕು, ನಡುವಿನದು ಚಿತ್ರೀಕರಣದ ಜಾಗದಲ್ಲೇ ಹುಟ್ಟುತ್ತಿತ್ತು. ಏನೂ ಹೊಳೆಯದಿದ್ದರೆ ತಂಡವೆಲ್ಲ ಬೇಸ್‌ಬಾಲ್ ಆಡುತ್ತಿತ್ತು! ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಅವರ ಮೇಲೆ ಬೀಳುತ್ತದೆ, ತೆರೆದ ಕಿಟಕಿ ಸರಿಯಾಗಿ ಅವರು ನಿಂತ ಜಾಗಕ್ಕೆ ಬರುತ್ತದೆ. ಕೆಲವು ಅಂಗುಲ ತಪ್ಪಿದ್ದರೆ ಸಾವು. ಇಂಥ ಹುಚ್ಚನ್ನು ಯಾವ ದೊಡ್ಡ ಸ್ಟುಡಿಯೋ ಒಪ್ಪುತ್ತದೆ? ಎಂಜಿಎಂನಲ್ಲಿ ಸಿದ್ಧ ಚಿತ್ರಕಥೆ, ತಲೆಯ ಮೇಲೆ ಮೇಲ್ವಿಚಾರಕರು, ಸಾಹಸಕ್ಕೆ ತಡೆ. ಜೊತೆಗೆ ಕುಡಿತ, ಮುರಿದ ದಾಂಪತ್ಯ. 1933ರಲ್ಲಿ ಕೆಲಸದಿಂದ ತೆಗೆದರು.

ಆದರೆ ಅಲ್ಲಿಗೆ ಎಲ್ಲವೂ ಮುಗಿಯಲಿಲ್ಲ. ಅದೇ ಎಂಜಿಎಂಗೆ ಮರಳಿ, ಅಲ್ಪ ಸಂಬಳಕ್ಕೆ ಬೇರೆಯವರ ಚಿತ್ರಗಳಿಗೆ ಹಾಸ್ಯ ಪ್ರಸಂಗಗಳನ್ನು ಹೊಸೆದುಕೊಟ್ಟರು. 1952ರ ‘ಲೈಮ್‌ಲೈಟ್’ನಲ್ಲಿ ಚಾಪ್ಲಿನ್ ಜೊತೆ ನಟಿಸಿದರು, 1960ರಲ್ಲಿ ಗೌರವ ಆಸ್ಕರ್ ಪಡೆದರು.

ಹೊಸದಾಗಿ ನೋಡುವುದಿದ್ದರೆ ದಯವಿಟ್ಟು ಆ ಎಂಜಿಎಂ ಟಾಕಿಗಳಿಂದ ಆರಂಭಿಸಬೇಡಿ. 1924ರ ‘ಶರ್ಲಾಕ್ ಜೂನಿಯರ್’ ನೋಡಿ. ಸುಮಾರು ಮುಕ್ಕಾಲು ಗಂಟೆಯ ಚಿತ್ರ ಅಷ್ಟೇ.